ತಲಿ ಅಳ್ಳಾಡಸಬ್ಯಾಡ್ರಿ

‘ಎಷ್ಟು?’ ಎಂದು ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ನಾನು ಧಾರವಾಡದ ಒಂದು ಆಸ್ಪತ್ರೆಯಲ್ಲಿ ಮಿದುಳಿನ ಚಿತ್ರಗಳ ಲೆಕ್ಕ ಹಾಕುವವಳು. ಚಿತ್ರ ತೆಗೆಯುವುದು ಆ ದೊಡ್ಡ ಸ್ಕ್ಯಾನಿಂಗ್ ಮಷೀನು, ಚಿತ್ರ ನೋಡಿ ತಲೆದೂಗುವವರು ಡಾಕ್ಟರುಗಳು. ನಡುವೆ ಕೂತು ‘ವ್ಯತ್ಯಾಸ ಇದೆ ಅಂತೀರಲ್ಲ, ಎಷ್ಟಿದೆ?’ ಎಂದು ಕೇಳಿ ಎಲ್ಲರ ಸಂತೋಷಕ್ಕೆ ತಣ್ಣೀರು ಹಾಕುವವಳು ನಾನು. ನಗು ಬರುವಂಥದ್ದು ಬಹಳ ನಡೆದಿದೆ. ಆಗ ನಕ್ಕದ್ದನ್ನು ಈಗ ನೆನೆಸಿಕೊಂಡರೆ ನಗುವಿನ ಹಿಂದೆಯೇ ಒಂದು ಹಳಹಳಿ ಬಂದು ನಿಲ್ಲುತ್ತದೆ. ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾಲ್ಕು ನಿಮಿಷದ ಬಸ್ಸು

ನಮ್ಮ ಮನೆ ಹುಬ್ಬಳ್ಳಿ ಧಾರವಾಡ ನಡುವಿನ ನವನಗರದಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ, ನಮ್ಮ ಅತ್ತೆ. ಗಂಡನಿಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಪಾತ್ರೆ ಅಂಗಡಿ. ನಾನು ಆಸ್ಪತ್ರೆಗೆ ಹೋಗಿ ಮಾಡುವುದೇನು ಎಂಬುದು ಅತ್ತೆಗೆ ಬಹಳ ದಿನ ಬಿಡಿಸಲಾಗದ ಒಗಟು. ಡಾಕ್ಟರಲ್ಲ, ನರ್ಸಲ್ಲ, ಔಷಧ ಕೊಡುವವಳೂ ಅಲ್ಲ. ಒಂದು ದಿನ ಬೆಳ್ಳುಳ್ಳಿ ಸುಲಿಯುತ್ತ ಕೂತವರು, ನೀ ಮಾಡೂದರ ಏನು ಹೇಳಿಬಿಡು ಅಂದರು.

ನಾನು ಉತ್ಸಾಹದಿಂದ ಶುರು ಮಾಡಿದೆ. ನವನಗರದಿಂದ ಧಾರವಾಡಕ್ಕೆ ಎರಡು ಬಸ್ಸು ಅಂತ ತಿಳಿಯಿರಿ. ಒಂದು ಬಸ್ಸು ಇನ್ನೊಂದಕ್ಕಿಂತ ಸರಾಸರಿ ನಾಲ್ಕು ನಿಮಿಷ ಮೊದಲು ಮುಟ್ಟುತ್ತದೆ. ವ್ಯತ್ಯಾಸ ಇರುವುದು ಖರೆ. ಆದರೆ ಯಾವ ಬಸ್ಸೇ ಆಗಲಿ, ಒಂದು ದಿನ ಮಳೆ, ಒಂದು ದಿನ ಸಿಗ್ನಲ್ಲು, ಒಂದು ದಿನ ಯಾರದೋ ಮೆರವಣಿಗೆ ಅಂತ ದಿನವೂ ಅರ್ಧ ತಾಸು ಹಿಂದುಮುಂದಾಗುವುದಿದ್ದರೆ ಆ ನಾಲ್ಕು ನಿಮಿಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದೇ, ಗಡಿಯಾರದಂತೆ ಓಡುವ ಬಸ್ಸುಗಳಾದರೆ ನಾಲ್ಕು ನಿಮಿಷ ಅಂದರೆ ದೊಡ್ಡ ಮಾತು. ವ್ಯತ್ಯಾಸವನ್ನು ದಿನನಿತ್ಯದ ಏರುಪೇರಿನ ಪಕ್ಕದಲ್ಲಿಟ್ಟು ಅಳೆಯಬೇಕು. ಅದಕ್ಕೆ ಪರಿಣಾಮದ ಗಾತ್ರ ಅನ್ನುತ್ತೇವೆ. ಬಸ್ಸಿನ ಜಾಗದಲ್ಲಿ ಮಿದುಳು ಇಟ್ಟರೆ ಅದೇ ನನ್ನ ಕೆಲಸ.

ಅತ್ತೆ ಬೆಳ್ಳುಳ್ಳಿ ಬಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಬಹಳ ಸಮಾಧಾನದಿಂದ ಹೇಳಿದರು:

“ಅಂದ್ರ ನನ್ನ ಮಗಾ ಇವತ್ತ ತಡಾ ಮಾಡಿ ಬಂದಾನಂತ ನೀ ಸಿಟ್ಟಾದ್ರ ಅದಕ್ಕ ಅರ್ಥ ಇಲ್ಲ. ಅಂವ ದಿನಾ ತಡಾನ.”

ಇಷ್ಟು ಚೆನ್ನಾಗಿ ನನ್ನ ವಿಷಯ ಅರ್ಥ ಮಾಡಿಕೊಂಡವರನ್ನು ನಾನು ಕಾಲೇಜಿನಲ್ಲೂ ನೋಡಿರಲಿಲ್ಲ. ಆ ರಾತ್ರಿ ಗಂಡನ ಮೇಲೆ ಸಿಟ್ಟು ಮಾಡುವ ಹಕ್ಕನ್ನೂ ಕಳೆದುಕೊಂಡೆ.

ಹೆಸರು ಹಿಡಿಯುವುದು

ಆಸ್ಪತ್ರೆಯಲ್ಲಿ ನನಗೆ ಹಿರಿಯರೆಂದರೆ ನರರೋಗದ ಡಾಕ್ಟರು. ಆಗ ನಿವೃತ್ತಿಗೆ ಬಂದಿದ್ದರು. ಲಕ್ವಾ ಹೊಡೆದು ಮಾತು ಹೋದವರನ್ನು ಜೀವಮಾನವಿಡೀ ನೋಡಿ ಅವರಿಗೊಂದು ಆಸೆ ಹತ್ತಿಕೊಂಡಿತ್ತು. ವಾರ್ಡಿನಲ್ಲಿ ಸಂಜೆ ಸ್ವಲ್ಪ ಹೊತ್ತು ಮಾತ್ರ ಮನೆಯವರನ್ನು ಬಿಡುತ್ತಿದ್ದರು. ಹೆಂಡತಿ ಬಂದು ಎರಡು ಮಾತಾಡುವುದರೊಳಗೆ ಗಂಟೆ ಬಾರಿಸುತ್ತಿದ್ದರು. ಅದಕ್ಕೆ ಒಂದು ಖೋಲಿ ಬೇಕು, ಅಲ್ಲಿ ಮನೆಯವರು ಬಂದು ಎಷ್ಟು ಹೊತ್ತಾದರೂ ಕೂತು ಮಾತಾಡಬೇಕು, ಮನೆಯವರ ದನಿ ಕಿವಿಗೆ ಬಿದ್ದರೆ ಸತ್ತಂತಿರುವ ಮಾತು ಒಳಗೆ ಮಿಸುಕಾಡಬಹುದು ಎಂದು ಅವರ ನಂಬಿಕೆ. ನಿವೃತ್ತಿಯೊಳಗೆ ಆ ಖೋಲಿಯೊಂದನ್ನು ಮಾಡಿಟ್ಟು ಹೋದರೆ ಸಾಕು ಅನ್ನುತ್ತಿದ್ದರು.

ಆಸ್ಪತ್ರೆ ನಡೆಸುವ ಟ್ರಸ್ಟಿನ ಅಧ್ಯಕ್ಷರು ಹುಬ್ಬಳ್ಳಿಯ ದೊಡ್ಡ ಅರಳೆ ವ್ಯಾಪಾರಿ. ಖೋಲಿ ಕೊಡುವುದಕ್ಕೆ ಅವರದೇನೂ ತಕರಾರಿರಲಿಲ್ಲ. ಮನೆಯವರ ದನಿಯಿಂದ ಏನಾದರೂ ಆಗುತ್ತದೆ ಎಂದು ಮೊದಲು ತೋರಿಸಿ ಅಂದರು. ಹೀಗೆ ನಮ್ಮ ಅಧ್ಯಯನ ಶುರುವಾಯಿತು. ರೋಗಿಯನ್ನು ಮಷೀನಿನೊಳಗೆ ಮಲಗಿಸುವುದು, ಕಿವಿಗೆ ಒಮ್ಮೆ ಮನೆಯವರ ದನಿ, ಒಮ್ಮೆ ಹೊರಗಿನವರ ದನಿ ಕೇಳಿಸುವುದು, ಯಾವುದಕ್ಕೆ ಮಿದುಳು ಹೆಚ್ಚು ಕೆಲಸ ಮಾಡುತ್ತದೆ ನೋಡುವುದು. ಹೊರಗಿನವರ ದನಿಗೆ ಡಾಕ್ಟರು ತಮ್ಮದೇ ದನಿ ಕೊಟ್ಟರು: “ಆರಾಮ ಅದೀರೇನ್ರಿ? ಊಟಾ ಆತೇನ್ರಿ?”

ಮನೆಯವರ ದನಿಯಲ್ಲಿ ರೋಗಿಯ ಹೆಸರು ಹಿಡಿದು ಕರೆಯಬೇಕು ಎಂದು ನಾವು ಬರೆದಿಟ್ಟಿದ್ದೆವು. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು, ಕರೆಯಬೇಕಾದವರು ಅವರ ಹೆಂಡಂದಿರು. ಗಂಡನ ಹೆಸರು ಹಿಡಿಯುವುದೇ? ಒಬ್ಬರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಒಬ್ಬರು ಮೈಕಿಗೆ ಬೆನ್ನು ತಿರುಗಿಸಿ ಕೂತರು. ನವಲಗುಂದದ ಕಡೆಯಿಂದ ಬಂದ ಒಬ್ಬ ಅಜ್ಜಿ ಮಾತ್ರ, ಬರೇ ಹೆಸರು ಬರೂದಿಲ್ಲ, ಒಡಪು ಹಾಕಿ ಹೇಳ್ತೇನಿ ಅಂದರು. ಮದುವೆಯಲ್ಲಿ ಹೇಳುತ್ತಾರಲ್ಲ, ಪದ ಕಟ್ಟಿ ಅದರ ಕೊನೆಗೆ ಗಂಡನ ಹೆಸರು ಸೇರಿಸುವುದು, ಹಾಗೆ. ನಾವು ಒಪ್ಪಿದೆವು. ಅಜ್ಜಿ ಗಂಟಲು ಸರಿಮಾಡಿಕೊಂಡು, “ಕೆಲಗೇರಿ ಕೆರಿದಂಡಿ ತಂಪಿನ ಗಾಳಿ, ಕೊರಳಾಗ ನಂದೈತಿ ಕರಿಮಣಿ ತಾಳಿ” ಎಂದು ಶುರು ಮಾಡಿದರು. ಮಾವನ ಮನೆಯ ಬಾಗಿಲು, ಅಂಗಳದ ತುಳಸಿ, ಬಂಗಾರದ ಪಾಟಲಿ ಎಲ್ಲ ಬಂದವು. ಪದ ಹೆಸರಿನ ಹೊಸ್ತಿಲಿಗೆ ಬಂದಾಗ ಅಜ್ಜಿಗೆ ನಾಚಿಕೆ ಬಂತು. ಸುಮ್ಮನಾದರು. ನಾವು ಧ್ವನಿಮುದ್ರಣ ನಿಲ್ಲಿಸಿದ ಮೇಲೆ ಮೆಲ್ಲಗೆ ಹೆಸರು ಹೇಳಿದರು.

ಡಾಕ್ಟರು ನಿಯಮ ಬದಲಿಸಿದರು. ಹೆಸರು ಬೇಡ, ಮನೆಯಲ್ಲಿ ದಿನಾ ಏನು ಹೇಳುತ್ತೀರೋ ಅದನ್ನೇ ಹೇಳಿ. ಹೊಸ ನಿಯಮವನ್ನು ಪರೀಕ್ಷೆ ಮಾಡಲು ಅವತ್ತು ಸಿಕ್ಕವರು ಡಾಕ್ಟರ ಹೆಂಡತಿಯೇ. ಅತ್ತಿಗೆಯನ್ನು ಕರೆಯುವಂತೆ ನಾವು ಅವರನ್ನು ವೈನಿ ಅನ್ನುತ್ತಿದ್ದೆವು. ಕೆಲಗೇರಿಯಲ್ಲಿ ಅವರ ಮನೆ. ಡಾಕ್ಟರು ಊಟಕ್ಕೆ ಮನೆಗೆ ಹೋಗುವ ಪದ್ಧತಿಯೇ ಇಲ್ಲದ್ದರಿಂದ ವೈನಿಯೇ ಡಬ್ಬಿ ತೆಗೆದುಕೊಂಡು ಬಂದಿದ್ದರು. ಡಾಕ್ಟರು ಆರೋಗ್ಯವಂತರ ಪೈಕಿ ತಾವೇ ಮೊದಲು ಮಷೀನಿನಲ್ಲಿ ಮಲಗುವುದಾಗಿ ಹೇಳಿದ್ದರು. ಹಾಗಾಗಿ ಅವರಿಗೆ ಮನೆಯ ದನಿ ವೈನಿಯದೇ ಆಗಬೇಕಿತ್ತು. ವೈನಿ ಮೈಕಿನ ಮುಂದೆ ಕೂತು, ಕಾಗದ ನೋಡುತ್ತಿದ್ದ ಗಂಡನ ಕಡೆಗೊಮ್ಮೆ ನೋಡಿ ಹೇಳಿದರು: “ಊಟಕ್ಕ ಬರ್ರಿ, ರೊಟ್ಟಿ ಆರಾಕತ್ತಾವು.”

ಡಾಕ್ಟರು ಕಾಗದದಿಂದ ತಲೆ ಎತ್ತದೆ “ಬಂದೆ” ಅಂದರು. ಅದೂ ಮುದ್ರಣವಾಯಿತು.

ಇದನ್ನು ಕತ್ತರಿಸಬೇಕಾಗುತ್ತದೆ ವೈನಿ, ನಿಮ್ಮ ದನಿ ಮಾತ್ರ ಇರಬೇಕು ಅಂದೆ.

“ಕತ್ತರಿಸವಾ,” ಅಂದರು ವೈನಿ. “ಅದು ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಅವರು ಬರೂದಂತೂ ಇಲ್ಲ.”

ನಾವೆಲ್ಲ ನಕ್ಕೆವು. ಡಾಕ್ಟರೂ ನಕ್ಕರು. ಸ್ಕ್ಯಾನಿಂಗಿಗೆ ನಾಳೆ ಮಲಗುತ್ತೇನೆ ಎಂದರು. ಮರುದಿನ ಯಾರಿಗೋ ತುರ್ತು ಇತ್ತು. ಅದರ ಮರುದಿನವೂ ಇತ್ತು.

ಆರೋಗ್ಯವಂತರು ಬೇಕಾಗಿದ್ದಾರೆ

ರೋಗಿಗಳ ಜೊತೆ ಹೋಲಿಸಲು ಅದೇ ವಯಸ್ಸಿನ ಆರೋಗ್ಯವಂತರೂ ಬೇಕು. ‘ಆರೋಗ್ಯವಂತರು ಬೇಕಾಗಿದ್ದಾರೆ, ಮಿದುಳಿನ ಸ್ಕ್ಯಾನಿಂಗ್ ಉಚಿತ’ ಎಂದು ಆಸ್ಪತ್ರೆಯ ಬಾಗಿಲಿಗೆ ಬರೆದು ಹಚ್ಚಿದೆವು. ಜನ ಮುಗಿಬಿದ್ದರು. ನಮ್ಮ ಊರಿನಲ್ಲಿ ಇಷ್ಟೊಂದು ಆರೋಗ್ಯವಂತರಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಲೆಕ್ಕ ಹಾಕಿ ನೋಡಿದರೆ ಎಲ್ಲ ಉಲ್ಟಾ. ರೋಗಿಗಳ ಮಿದುಳಿಗಿಂತ ಆರೋಗ್ಯವಂತರ ಮಿದುಳೇ ಮಂಕು. ನಾನು ಲೆಕ್ಕದಲ್ಲಿ ಎರಡು ಗುಂಪಿನ ಹೆಸರು ಅದಲುಬದಲು ಮಾಡಿದೆನೋ ಎಂದು ಮತ್ತೆ ಮತ್ತೆ ನೋಡಿದೆ. ಮಾಡಿರಲಿಲ್ಲ. ಕೊನೆಗೆ ಆ ಆರೋಗ್ಯವಂತರಲ್ಲಿ ಕೆಲವರನ್ನು ಕರೆದು ಮಾತಾಡಿಸಿದೆ. ಮೊದಲು ಬಂದವರು ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟ ಚಾಚಾ, ನನ್ನ ಗಂಡನ ಅಂಗಡಿಯ ನೆರೆಯವರು. ಆರಾಮ ಅದೀರೇನ್ರಿ ಅಂತ ಕೇಳಿದೆ.

“ಅಗದೀ ಛಲೋ ಅದೀನಿ ನೋಡವಾ,” ಅಂದರು. “ಬರೇ ತಲಿ ತಿರಗತೈತಿ, ಒಂದ ಕಣ್ಣು ಮಂಜಾಗತೈತಿ, ಎಡಗೈ ಜೋಮು ಹಿಡೀತೈತಿ. ಅಷ್ಟ.”

ಹಾಗಾದರೆ ಆರೋಗ್ಯವಂತರ ಪೈಕಿ ಯಾಕೆ ಬಂದಿರಿ ಎಂದು ಕೇಳಿದೆ. ಚಾಚಾ ನನ್ನನ್ನೇ ಕನಿಕರದಿಂದ ನೋಡಿದರು. ಏನೂ ಇಲ್ಲದವನು ಅಂಗಡಿ ಬಿಟ್ಟು ಆಸ್ಪತ್ರೆಗೆ ಯಾಕೆ ಬರುತ್ತಾನೆ ಎಂದು ಅವರ ಪ್ರಶ್ನೆ. ಉಳಿದವರ ಕಥೆಯೂ ಅದೇ. ಮನೆಮನೆಯಲ್ಲಿ ಕೂತು ವಿಚಾರ ಮಾಡಿ, ಪುಕ್ಕಟೆ ಸ್ಕ್ಯಾನಿಂಗ್ ಅಂದಮೇಲೆ ಯಾರಿಗೆ ಹೆಚ್ಚು ಜರೂರು ಇದೆಯೋ ಅವರನ್ನೇ ಪ್ರೀತಿಯಿಂದ ಕಳಿಸಿದ್ದರು. ನಿಜವಾಗಿ ಗಟ್ಟಿಮುಟ್ಟಾಗಿದ್ದವರು ಅವರನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದು ಹೊರಗೆ ಚಹಾ ಕುಡಿಯುತ್ತ ನಿಂತಿದ್ದರು.

ಡಾಕ್ಟರಿಗೆ ಹೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡಿ, ಹೋಗಿ ಚಹಾದ ಅಂಗಡಿಯ ಮುಂದಿದ್ದವರನ್ನೆಲ್ಲ ಕರೆದುಕೊಂಡು ಬಾ ಅಂದರು.

ಬೆಕ್ಕೂ ತಿರುಗಿ ನೋಡದ ದನಿ

ಆ ಮಳೆಗಾಲದಲ್ಲಿ ವೈನಿ ತೀರಿಕೊಂಡರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಡಾಕ್ಟರು ಕಾರ್ಯಗಳನ್ನು ಮುಗಿಸಿ ಕೆಲಸಕ್ಕೆ ಬಂದರು. ಮೊದಲಿಗಿಂತ ಬೇಗ ಬರುವುದು, ತಡವಾಗಿ ಹೋಗುವುದು ಶುರುವಾಯಿತು. ಮಷೀನಿನಲ್ಲಿ ಮಲಗುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೈನಿಯ ದನಿ ನನ್ನ ಕಂಪ್ಯೂಟರಿನಲ್ಲಿ ಹಾಗೇ ಉಳಿಯಿತು. ಕೇಳಬೇಕಾದವರು ಮಲಗದಿದ್ದರೆ ಆ ದನಿಗೆ ಲೆಕ್ಕದಲ್ಲಿ ಜಾಗವಿರಲಿಲ್ಲ.

ರೋಗಿಗಳ ಚಿತ್ರಗಳೆಲ್ಲ ಸೇರಿದ ಮೇಲೆ ಲೆಕ್ಕ ಹಾಕಿದೆ. ಪರಿಣಾಮದ ಗಾತ್ರ ಇಷ್ಟು ದೊಡ್ಡದು ಬಂದದ್ದನ್ನು ನನ್ನ ಕೆಲಸದಲ್ಲಿ ನಾನು ನೋಡಿರಲಿಲ್ಲ. ಆದರೆ ಅದು ಮನೆಯವರ ದನಿಗಲ್ಲ. ಡಾಕ್ಟರ ದನಿಗೆ. ಅವರು ‘ಆರಾಮ ಅದೀರೇನ್ರಿ’ ಅಂದಾಗಲೆಲ್ಲ ರೋಗಿಯ ಮಿದುಳಿನ ಅಂಚಿನುದ್ದಕ್ಕೂ, ಅಲ್ಲಿ ಕೆಲಸ ನಡೆದಿದೆ ಎಂದು ಹೇಳುವ ಕೆಂಪು ಹತ್ತಿಕೊಳ್ಳುತ್ತಿತ್ತು. ಅದರ ಪಕ್ಕದಲ್ಲಿಟ್ಟರೆ ಹೆಂಡತಿಯ ದನಿಗೆ ಬಂದದ್ದು ಏನೂ ಅಲ್ಲ. ನಮ್ಮ ಕಸುಬಿನಲ್ಲಿ ಬಹಳ ದೊಡ್ಡದು ಬಂದರೆ ಹಿಗ್ಗುವ ಮೊದಲು ಹೆದರಬೇಕು. ನಾನು ಹೆದರಿದೆ.

ಅಧ್ಯಕ್ಷರು ಹೆದರಲಿಲ್ಲ. ಚಿತ್ರ ನೋಡಿದ ಕೂಡಲೇ ಡಾಕ್ಟರ ಕೈ ಹಿಡಿದು ಕುಲುಕಿದರು. ಇನ್ನು ಮನೆಯವರು ಯಾಕೆ, ಖೋಲಿ ಯಾಕೆ, ಎಲ್ಲ ವಾರ್ಡಿಗೂ ಸ್ಪೀಕರ್ ಕೂರಿಸಿ ಬೆಳಿಗ್ಗೆ ಸಂಜೆ ಡಾಕ್ಟರ ದನಿ ಹಾಕೋಣ ಎಂದರು. ಬಾಗಿಲಿಗೆ ಬೋರ್ಡು ಬರೆಸುವ ಮಾತೂ ಬಂತು. ಡಾಕ್ಟರ ಮುಖ ನೋಡಿದರೆ ಅಳಬೇಕೋ ನಗಬೇಕೋ ತಿಳಿಯದಂತಿತ್ತು. ಅವರು ಕಟ್ಟಬೇಕೆಂದಿದ್ದ ಖೋಲಿಯನ್ನು ಅವರದೇ ದನಿ ಕೆಡವುತ್ತಿತ್ತು.

“ಏನೋ ತಪ್ಪೇತಿ ಇದರಾಗ,” ಅಂದರು ನನಗೆ, ಅಧ್ಯಕ್ಷರು ಹೋದ ಮೇಲೆ. “ನಮ್ಮ ಮನ್ಯಾಗ ನನ್ನ ದನಿಗೆ ಬೆಕ್ಕು ಸುದ್ದಾ ತಿರುಗಿ ನೋಡತಿರಲಿಲ್ಲ.”

ಗೂಟದಂಗ ಮಲಗೂದು

ತಪ್ಪು ಸಿಕ್ಕಿದ್ದು ನಮ್ಮ ಮನೆಯಲ್ಲೇ. ಆರೋಗ್ಯವಂತ ಹೆಂಗಸರು ಇನ್ನೂ ಬೇಕಾಗಿದ್ದರಿಂದ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಮನೆಯ ದನಿ ನನ್ನ ಗಂಡನದು. ಮಷೀನಿನೊಳಗೆ ಹೋಗುವ ಮೊದಲು ತಲೆ ಅಲ್ಲಾಡಿಸಬಾರದು ಎಂದು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದೆ. ಅತ್ತೆ ಆಗಲಿ ಎಂದು ತಲೆ ಅಲ್ಲಾಡಿಸಿದರು.

ಹೊರಗೆ ಗಾಜಿನ ಹಿಂದೆ ಕೂತವರಿಗೆ ಒಳಗಿನವರ ತಲೆ ಕಾಣುವುದಿಲ್ಲ, ಪಾದ ಮಾತ್ರ ಕಾಣುತ್ತವೆ. ಅತ್ತೆಯ ಕಾಲಿನ ಹೆಬ್ಬೆರಳು ಆಗಾಗ ಮಿಡುಕುವುದನ್ನು ನೋಡಿದೆ. ಯಾಕೋ ಅನುಮಾನ ಬಂತು. ಈಚೆ ಬಂದ ಮೇಲೆ, ಅತ್ತೀ, ತಲಿ ಅಳ್ಳಾಡಿಸಿದ್ರೇನು ಎಂದು ಕೇಳಿದೆ. ಅತ್ತೆಗೆ ಸಿಟ್ಟು ಬಂತು.

“ಡಾಕ್ಟರ್ ಅಷ್ಟ ದೊಡ್ಡವರು, ಆರಾಮ ಅದೀರೇನ್ರಿ ಅಂತ ಬಾಯಿ ತುಂಬ ಕೇಳಾಕತ್ತಾರ. ಗೂಟದಂಗ ಬಿದ್ದಿರಾಕ ಆಗತೈತೇನು? ಹೂಂರೀ ಅಂತ ತಲಿ ಹಾಕಿದೆ.”

“ನಿಮ್ಮ ಮಗಾ ಮಾತಾಡಿದಾಗ?”

“ಮಗನ ಮಾತಿಗೆ ತಲಿ ಯಾಕ ಆಡಸಬೇಕು?”

ನಾನು ಓಡಿಹೋಗಿ ಎಲ್ಲರ ತಲೆಯ ಅಲುಗಾಟದ ಗೆರೆ ತೆಗೆದು ನೋಡಿದೆ. ಮಷೀನು ಅದನ್ನೂ ಅಳೆದಿಟ್ಟಿರುತ್ತದೆ. ಒಬ್ಬೊಬ್ಬರದೂ ಮಿತಿಯೊಳಗಿನ ಸಣ್ಣ ಅಲುಗಾಟ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಅದನ್ನು ದನಿಗಳ ವೇಳೆಯ ಪಕ್ಕದಲ್ಲಿಟ್ಟರೆ ಎಲ್ಲ ಬಿಚ್ಚಿಕೊಂಡಿತು. ಡಾಕ್ಟರು ‘ಊಟಾ ಆತೇನ್ರಿ’ ಅಂದಾಗ ಎಲ್ಲ ತಲೆಗಳೂ ಒಮ್ಮೆ ಬಾಗಿವೆ. ಮಾತು ಹೋದವರು, ಬಾಯಿ ಸೊಟ್ಟಾದವರು, ಎಲ್ಲರೂ. ಮಷೀನಿನೊಳಗೆ ತಲೆ ಅಲುಗಿದರೆ ಚಿತ್ರದ ಅಂಚಿನಲ್ಲಿ ಸುಳ್ಳು ಕೆಂಪು ಹತ್ತುತ್ತದೆ. ಹೆಂಡತಿಯ ದನಿ ಬಂದಾಗ ಒಂದು ತಲೆಯೂ ಅಲುಗಿರಲಿಲ್ಲ. ಗಂಡಸರೆಲ್ಲ ಮನೆಯಲ್ಲಿರುವಂತೆಯೇ ಕೇಳಿಯೂ ಕೇಳದಂತೆ ಮಲಗಿದ್ದರು.

ಡಾಕ್ಟರು ಗೆರೆಗಳನ್ನು ಬಹಳ ಹೊತ್ತು ನೋಡಿದರು.

“ಅಂದ್ರ ನಾವು ಇಷ್ಟ ದಿನ ಅಳದದ್ದು ಮಿದುಳಲ್ಲ,” ಅಂದರು. “ಧಾರವಾಡದ ಮರ್ಯಾದಿ.”

ಆಮೇಲೆ ಹೊಸ ಕಟ್ಟಳೆ ಬಂತು. ಹಣೆಗೊಂದು ಪಟ್ಟಿ ಅಂಟಿಸುವುದು, ಅಲುಗಿದರೆ ಅವರಿಗೇ ತಿಳಿಯಲಿ ಎಂದು. ತಲೆಯಾಡಿಸುವುದನ್ನು ಮಷೀನಿನೊಳಗೆ ಹೋಗುವ ಮೊದಲೇ ಮುಗಿಸಿಕೊಳ್ಳಿ ಎಂದು ಹೇಳುವುದು. ಅಷ್ಟಾಗಿಯೂ ದನಿಗೆ ಸರಿಯಾಗಿ ತಲೆ ಆಡಿಸಿದರೆ ಅವರ ಚಿತ್ರವನ್ನು, ಯಾರೇ ಆಗಿರಲಿ, ತೆಗೆದುಹಾಕುವುದು. ಈ ಕೊನೆಯ ಕಟ್ಟಳೆಯನ್ನು ಡಾಕ್ಟರೇ ಹೇಳಿ ಬರೆಸಿದರು. ರೋಗಿಗಳ ಮುಂದೆ ನಿಂತು, ತಲಿ ಅಳ್ಳಾಡಸಬ್ಯಾಡ್ರಿ ಎಂದು ಅವರು ಉಪದೇಶ ಮಾಡುವುದನ್ನು ನೋಡಬೇಕಿತ್ತು. ಎಲ್ಲರೂ ಹೂಂರೀ ಎಂದು ತಲೆಯಾಡಿಸುತ್ತಿದ್ದರು.

ತಳಕ್ಕೆ ಕೈ

ಕೆಟ್ಟುಹೋದ ಚಿತ್ರಗಳನ್ನು ತೆಗೆದು, ಕೆಲವರನ್ನು ಮತ್ತೆ ಮಲಗಿಸಿ ಲೆಕ್ಕ ಹಾಕಿದೆ. ಈ ಸಲ ಮನೆಯವರ ದನಿಗೆ ಮಿದುಳು ಸ್ವಲ್ಪ ಹೆಚ್ಚು ಕೆಲಸ ಮಾಡಿತ್ತು. ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಎಷ್ಟು ಅಂದರೆ, ನಾಲ್ಕು ನಿಮಿಷದ ಬಸ್ಸಿನಷ್ಟು. ಸಣ್ಣದು. ನಾನು ಅದು ದೊಡ್ಡದಾಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಎಷ್ಟು ಬಗೆಯಲ್ಲಿ ಪರೀಕ್ಷಿಸಿದರೂ ಅದು ತನ್ನಷ್ಟೇ ಇತ್ತು. ಡಾಕ್ಟರ ಕೈಗೆ ಆ ಸಣ್ಣ ಅಂಕಿಯನ್ನು ಕೊಡುವಾಗ ನನಗೆ ನನ್ನ ಕೆಲಸವೇ ಬೇಡವೆನಿಸಿತು. ಅವರು ನೋಡಿ, ಖರೇ ಐತೇನು ಅಂತಷ್ಟೇ ಕೇಳಿದರು. ಖರೇ ಐತ್ರಿ ಅಂದೆ. ಹಾಗಾದರೆ ಇಷ್ಟನ್ನೇ ತೋರಿಸೋಣ ಎಂದರು.

ಅಧ್ಯಕ್ಷರಿಗೆ ಇದು ರುಚಿಸಲಿಲ್ಲ. ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ, ಇಡೀ ಮಿದುಳಿನಲ್ಲಿ ಎಲ್ಲಿ ಹೆಚ್ಚು ಕೆಂಪಗಿದೆಯೋ ಆ ಒಂದು ಚುಕ್ಕೆಯನ್ನೇ ಆರಿಸಿ ಅದರ ಲೆಕ್ಕ ಹೇಳಿದರೆ ಅಂಕಿ ದೊಡ್ಡದಾಗುವುದಿಲ್ಲವೇ ಎಂದು ಕೇಳಿದರು. ಆಗುತ್ತದೆ, ಬಹಳ ಜನ ಮಾಡುತ್ತಾರೆ ಕೂಡ, ಆದರೆ ಛಲೋ ಬಂದದ್ದನ್ನೇ ಆರಿಸಿಕೊಂಡು ಅದನ್ನೇ ಅಳೆದರೆ ಅದು ಅಳತೆಯಲ್ಲ ಎಂದೆ. ಅಧ್ಯಕ್ಷರು ನಕ್ಕರು. ತಮ್ಮ ಅರಳೆ ಪೇಟೆಯಲ್ಲಿ ಮಾಲು ತೋರಿಸುವಾಗ ಚೀಲದ ಬಾಯಿಗೆ ಛಲೋ ಅರಳೆಯನ್ನೇ ಇಡುತ್ತೇವೆ, ಅದರಲ್ಲಿ ತಪ್ಪೇನು ಎಂದರು.

“ಕೊಳ್ಳುವಾಗ ಏನ್ ಮಾಡ್ತೀರಿ?” ಎಂದು ಡಾಕ್ಟರು ಕೇಳಿದರು.

“ಕೊಳ್ಳುವಾಗ ತಳಕ್ಕ ಕೈ ಹಾಕ್ತೇವಿ.”

“ಈಗ ಕೊಳ್ಳವ್ರು ನೀವಲ್ಲೇನ್ರಿ?”

ಅಧ್ಯಕ್ಷರು ವ್ಯಾಪಾರಿಯಾದರೂ ನ್ಯಾಯಸ್ಥರು. ಒಪ್ಪಿಕೊಂಡರು. ನಾವು ಗೆದ್ದೆವು ಎಂದು ನನಗನ್ನಿಸಿದ್ದು ಒಂದು ಗಳಿಗೆ. ಮರುಗಳಿಗೆಗೆ ಅವರು ತಳಕ್ಕೆ ಕೈ ಹಾಕಿದವರ ದನಿಯಲ್ಲೇ ತೀರ್ಪು ಕೊಟ್ಟರು:

“ಛಲೋ ಆತು. ಪರಿಣಾಮ ಸಣ್ಣದು ಅಂದಮ್ಯಾಲೆ ಖೋಲಿನೂ ಸಣ್ಣದು ಸಾಕು.”

ಹಾಗೆ ನಮಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕಸಬರಿಗೆ ಇಡುವ ಖೋಲಿ. ಗಾಲಿಕುರ್ಚಿ ಅರ್ಧ ಒಳಗೆ, ಅರ್ಧ ಹೊರಗೆ. ಹೆಂಡತಿ ಒಳಗೆ ಸ್ಟೂಲಿನ ಮೇಲೆ. ಮೇಲೆ ಮೆಟ್ಟಿಲು ಇಳಿಜಾರಾದ್ದರಿಂದ ಎಂಥ ದೊಡ್ಡವರೇ ಬಂದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಡಾಕ್ಟರು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಅಲ್ಲಿಗೆ ಹೋಗಿ, ಇಲ್ಯಾದ್ರ ತಲಿ ಹಾಕಿದ್ರ ನಡೀತೈತಿ ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂಕಿ ಸರಿಯಾಗಿತ್ತು. ಅಂಕಿ ಸರಿಯಾಗಿದ್ದಾಗಲೂ ಇಷ್ಟು ಪಶ್ಚಾತ್ತಾಪ ಆಗುತ್ತದೆ ಎಂದು ಯಾರೂ ನನಗೆ ಕಲಿಸಿರಲಿಲ್ಲ.

ತಲೆಯಾಡಿಸಿದ ಗಂಡಸು

ತಲೆಯಾಡಿಸಿದವರನ್ನು ತೆಗೆದುಹಾಕಿ ಆರೋಗ್ಯವಂತರ ಗುಂಪು ಬಡವಾಗಿತ್ತು. ವರದಿ ಅಚ್ಚಿಗೆ ಹೋಗುವ ಮೊದಲು ಇನ್ನೊಬ್ಬ ವಯಸ್ಸಾದ ಗಂಡಸು ಬೇಕಾಗಿತ್ತು. ಅಷ್ಟರಲ್ಲಿ ಡಾಕ್ಟರು ಒಂದು ಬೆಳಿಗ್ಗೆ ಮೆಟ್ಟಿಲ ಖೋಲಿ ನೋಡಲು ಬಂದರು. ನಿವೃತ್ತಿಯಾದ ಮೇಲೂ ಆಗಾಗ ಬರುತ್ತಿದ್ದರು. ಯಾರೂ ಸಿಗುತ್ತಿಲ್ಲ ಎಂದು ಹೇಳಿದೆ. ನಾನು ಆರಾಮ ಅದೀನಲ್ಲ ಅಂದರು.

ಆಮೇಲೆ ಮೆಲ್ಲಗೆ ಕೇಳಿದರು: “ಆಕಿ ದನಿ ಇಟ್ಟೀಯೇನು?”

“ಇಟ್ಟೇನ್ರಿ.”

“ಹಂಗಾರ ಹಾಕವಾ. ಬಹಳ ದಿನಾ ನಾಳೆ ನಾಳೆ ಅಂದೇನಿ.”

ಹೊರಗಿನವರ ದನಿ ಅವರದೇ ಆಗಿತ್ತಲ್ಲ, ಅವರಿಗೆ ಅದು ನಡೆಯುವುದಿಲ್ಲ. ಅದಕ್ಕೆ ನಾನೇ ಮೈಕಿನ ಮುಂದೆ ಕೂತು, ‘ಆರಾಮ ಅದೀರೇನ್ರಿ? ಊಟಾ ಆತೇನ್ರಿ?’ ಎಂದು ಹೇಳಿ ಮುದ್ರಿಸಿದೆ. ಹಣೆಗೆ ಪಟ್ಟಿ ಅಂಟಿಸುವಾಗ, ಸರ್, ತಲಿ ಅಳ್ಳಾಡಸಬ್ಯಾಡ್ರಿ ಅಂದೆ. ನನಗ ಹೇಳ್ತೀಯೇನವಾ ಎಂದು ನಕ್ಕರು. ಮಷೀನು ಒಳಗೆ ತೆಗೆದುಕೊಂಡಿತು. ಗಾಜಿನಾಚೆ ಅವರ ಪಾದ ಎರಡೂ ಅಲುಗದೆ ಇದ್ದವು.

ಈಚೆ ಪರದೆಯ ಮೇಲೆ ತಲೆಯ ಅಲುಗಾಟದ ಗೆರೆ ಮೂಡುತ್ತಿತ್ತು. ನನ್ನ ದನಿ ಹೋದಾಗ ಗೆರೆ ಸ್ಕೇಲು ಇಟ್ಟು ಎಳೆದಂತೆ ನೆಟ್ಟಗಿತ್ತು. ನಾನು ಆರಾಮ ಅದೀರೇನ್ರಿ ಅಂದದ್ದಕ್ಕೆ ಅವರು ಕವಡೆ ಕಿಮ್ಮತ್ತು ಕೊಡಲಿಲ್ಲ. ಆಮೇಲೆ ವೈನಿಯ ದನಿ ಹೋಯಿತು. ಊಟಕ್ಕ ಬರ್ರಿ, ರೊಟ್ಟಿ ಆರಾಕತ್ತಾವು. ಗೆರೆ ಒಮ್ಮೆ ಕೆಳಗಿಳಿದು ಮೇಲೆದ್ದಿತು. ನಾನು ಅದನ್ನು ಆಕಸ್ಮಿಕ ಅಂದುಕೊಂಡೆ. ಮತ್ತೆ ನನ್ನ ದನಿ, ಗೆರೆ ನೆಟ್ಟಗೆ. ಮತ್ತೆ ವೈನಿ ಕರೆದರು, ಮತ್ತೆ ತಲೆ ಬಾಗಿತು. ಆಮೇಲೆ ಅವರು ಕರೆದಾಗಲೆಲ್ಲ ಬಾಗಿತು. ನಿಲ್ಲಿಸಿ ಎಚ್ಚರಿಸಬೇಕಾದದ್ದು ನನ್ನ ಕೆಲಸ. ನಿಲ್ಲಿಸಲು ನನ್ನ ಕೈ ಬರಲಿಲ್ಲ.

ಈಚೆ ಬಂದು ಕೂತಾಗ ಅವರ ಹಣೆಯ ಪಟ್ಟಿ ಒಂದು ಕಡೆ ಕಿತ್ತುಬಂದಿತ್ತು. ಹೇಳದೆ ಇರುವ ಹಾಗಿರಲಿಲ್ಲ.

“ಸರ್, ತಲಿ ಅಳ್ಳಾಡೇತ್ರಿ.”

“ಎಷ್ಟವಾ?” ಅಂದರು.

ಜೀವನವಿಡೀ ನಾನು ಎಲ್ಲರಿಗೂ ಕೇಳಿದ ಪ್ರಶ್ನೆ. ಅವತ್ತು ಒಂದು ಅಂಕಿಯೂ ನನ್ನ ಬಾಯಿಂದ ಬರಲಿಲ್ಲ. ಮಿತಿ ಮೀರೇತ್ರಿ ಅಂದೆ, ಅಷ್ಟೇ.

ಡಾಕ್ಟರು ಪಟ್ಟಿಯನ್ನು ಪೂರ್ತಿ ಬಿಡಿಸಿ ನನ್ನ ಕೈಗೆ ಕೊಟ್ಟರು. “ತಗದ ಹಾಕು. ನಾನ ಬರಸಿದ ಕಟ್ಟಳಿ,” ಅಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತ ಮತ್ತೆ ಹೇಳಿದರು: “ಆಕಿ ಇದ್ದಾಗ ‘ಬಂದೆ’ ಅಂತ ಬಾಯಿಲೆ ಅಂತಿದ್ದೆ, ತಲಿ ಎತ್ತತಿರಲಿಲ್ಲ. ಇವತ್ತ ಮಷೀನಿನಾಗ ಬಾಯಿ ಬಿಡಾಕ ಬರೂಹಂಗಿರಲಿಲ್ಲ ನೋಡು.”

ಗೋಡೆಯ ಗಡಿಯಾರ ನೋಡಿ, ಊಟದ ಹೊತ್ತಾಯಿತು ಎಂದು ಎದ್ದರು. ಊಟದ ಹೊತ್ತಿಗೆ ಅವರು ಆಸ್ಪತ್ರೆಯಿಂದ ಮನೆಯ ಕಡೆ ಹೊರಟದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ನಮ್ಮ ಇಡೀ ಅಧ್ಯಯನದಲ್ಲಿ ಹೆಂಡತಿಯ ಮಾತಿಗೆ ತಲೆಯಾಡಿಸಿದ ಗಂಡಸು ಅವರೊಬ್ಬರೇ. ಕಟ್ಟಳೆಯ ಪ್ರಕಾರ ಅವರ ಚಿತ್ರವನ್ನೂ ತೆಗೆದುಹಾಕಿದೆ.